ಸುಣ್ಣದ ಗೆರೆಯ ಚರಿತ್ರೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಶಾಲೆಯ ಕ್ರೀಡಾ ಇತಿಹಾಸ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಬೆಂಗಳೂರಿನಿಂದ ಊರಿಗೆ ಬಂದವನು ಮುಖ್ಯ ಗುರುಗಳ ಕೋಣೆಯ ಕಪಾಟಿನಲ್ಲಿದ್ದ ಶೀಲ್ಡುಗಳನ್ನೆಲ್ಲ ನೋಡಿದೆ. ಗೆದ್ದವರ ಹೆಸರು, ವರ್ಷ, ಸ್ಪರ್ಧೆ ಎಲ್ಲವೂ ಇವೆ. ಅವರನ್ನು ಓಡಿಸಿದವರ ಹೆಸರು ಒಂದರ ಮೇಲೂ ಇಲ್ಲ. ಆದ್ದರಿಂದ ಈ ಲೇಖನ ಅವರ ಕುರಿತು. ಹೆಸರು ಹಾಕಬಾರದೆಂದು ಅವರೇ ಷರತ್ತು ಹಾಕಿರುವುದರಿಂದ ಇಲ್ಲಿಯೂ ‘ಸರ್’ ಎಂದಷ್ಟೇ ಬರೆಯುತ್ತೇನೆ.

ಸರ್ ಬಸವಕಲ್ಯಾಣ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದು, ನಂತರ ಹುಮನಾಬಾದ ಕಡೆಯ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಹೋದರು. ಈ ವರ್ಷ ನಿವೃತ್ತರಾಗುತ್ತಿದ್ದಾರೆ.

ವಲಯ ಮಟ್ಟದ ಕ್ರೀಡಾಕೂಟ ಬರುವುದೇ ಮಳೆಗಾಲದಲ್ಲಿ. ಸರ್ ಗೂಟ, ಹಗ್ಗ, ಅಳತೆ ಟೇಪು, ಸುಣ್ಣದ ಪುಡಿ ಹಿಡಿದು ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿರುತ್ತಿದ್ದರು. ರಾತ್ರಿ ಮಳೆ ಬಂದರೆ ಗೆರೆಗಳೆಲ್ಲ ಅಳಿಸಿ ಹೋಗುತ್ತಿದ್ದವು. ಮರುದಿನ ಮತ್ತೆ ಅಳತೆ, ಮತ್ತೆ ಸುಣ್ಣ. ಹಗ್ಗದ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು.

ಒಂದು ದಿನ ಕೇಳಿದೆ: “ಸರ್, ಹೊರಗಿನ ಲೇನಿನವರು ಮುಂದೆ ಯಾಕೆ ನಿಲ್ಲಬೇಕು?” ಸರ್ ಕಡ್ಡಿಯಿಂದ ನೆಲದ ಮೇಲೆಯೇ ಲೆಕ್ಕ ಬರೆದರು. ಹೊರಗಿನವನಿಗೆ ತಿರುವಿನಲ್ಲಿ ದಾರಿ ಹೆಚ್ಚು. ಲೇನಿನ ಅಗಲ 1.22 ಮೀಟರ್, ಅದನ್ನು ಪೈಯ ಎರಡರಷ್ಟರಿಂದ ಗುಣಿಸಿದರೆ 7.67 ಮೀಟರ್. ಇಡೀ ಒಂದು ಸುತ್ತಿನ ಓಟಕ್ಕೆ ಪ್ರತಿ ಲೇನಿನವನೂ ತನ್ನ ಒಳಗಿನವನಿಗಿಂತ ಅಷ್ಟು ಮುಂದೆ ನಿಲ್ಲಬೇಕು. ಎರಡನೆಯ ಲೇನಿಗೆ ಮಾತ್ರ 7.04, ಏಕೆಂದರೆ ಮೊದಲ ಲೇನನ್ನು ಒಳ ಅಂಚಿನಿಂದ 30 ಸೆಂಟಿಮೀಟರ್, ಉಳಿದವನ್ನು 20 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಈ ಲೆಕ್ಕದಲ್ಲಿ ಮೈದಾನದ ಅಳತೆಯೇ ಬರುವುದಿಲ್ಲ. ನಮ್ಮ 200 ಮೀಟರಿನ ಸುತ್ತಿಗೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ 400 ಮೀಟರಿನ ಸುತ್ತಿಗೂ ಅದೇ ಅಂತರ. “ತಿಳೀತಾ ತಮ್ಮಾ? ಲೆಕ್ಕಕ್ಕ ನಮ್ಮ ಊರು ಸಣ್ಣದಲ್ಲ,” ಎಂದರು. ಇಂಜಿನಿಯರಿಂಗ್ ಓದಿದ ಮೇಲೂ ಪೈ ಎಂದರೆ ನನಗೆ ನೆನಪಾಗುವುದು ಆ ಸುಣ್ಣದ ಗೆರೆಯೇ.

ಒಂಬತ್ತನೆಯ ತರಗತಿಯಲ್ಲಿ 400 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲಿಗನಾಗಿ ಬೀದರಿನ ನೆಹರು ಕ್ರೀಡಾಂಗಣಕ್ಕೆ ಹೋದೆ. ಮೊದಲ 200 ಮೀಟರಿನಲ್ಲೇ ದಮ್ಮು ಕಳೆದುಕೊಂಡು ಐದನೆಯವನಾದೆ. ಮರುವರ್ಷ ಎಸ್ಸೆಸ್ಸೆಲ್ಸಿ. ಅಪ್ಪ ಓಟ ನಿಲ್ಲಿಸಿದರು. ಸರ್ ಮನೆಗೆ ಬಂದರು. ಅಪ್ಪ ಚಹಾ ಕೊಟ್ಟು, “ಓಡಿ ಏನ್ ಮಾಡ್ತಾನ್ರೀ ಸರ?” ಎಂದು ಕೇಳಿದರು. ನಮ್ಮ ಭಾಗದಿಂದ ತೋರಿಸಲು ಸರ್ ಬಳಿ ಒಂದು ಹೆಸರೂ ಇರಲಿಲ್ಲ. ಚಹಾ ಕುಡಿದು ಎದ್ದು ಹೋದರು.

ಅದಕ್ಕೆ ಅಪ್ಪನೊಬ್ಬರನ್ನೇ ದೂರಲಾರೆ. ಓಡಿಸುವವರನ್ನು ಗುರುತಿಸಲು ದೇಶಕ್ಕೇ ತಡವಾಯಿತು. ಆಟಗಾರರಿಗೆ ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ನಡುವೆ 24 ವರ್ಷ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಅವರ ಗುರು ಒ.ಎಂ. ನಂಬಿಯಾರ್ ಮರುವರ್ಷ ಆ ಪ್ರಶಸ್ತಿ ಪಡೆದ ಮೊದಲಿಗರಲ್ಲಿ ಒಬ್ಬರಾದರು. ಕಂಠೀರವ ಕ್ರೀಡಾಂಗಣದಲ್ಲಿ ದಶಕಗಳ ಕಾಲ ಓಟಗಾರರನ್ನು ತಯಾರು ಮಾಡಿದ ನಮ್ಮ ರಾಜ್ಯದ ಎನ್. ಲಿಂಗಪ್ಪ ಅವರಿಗೆ ಅದು ಬಂದದ್ದು 2014ರಲ್ಲಿ, ಎಂಬತ್ತು ದಾಟಿದ ಮೇಲೆ. ರಾಜಧಾನಿಯಲ್ಲಿದ್ದವರಿಗೇ ಇಷ್ಟು ತಡವಾದರೆ, ಅಲ್ಲಿಂದ ಆರುನೂರು ಕಿಲೋಮೀಟರಿಗೂ ದೂರದ ಗಡಿ ತಾಲ್ಲೂಕಿನ ಮಾಸ್ತರರ ಕಡೆ ನೋಡುವವರು ಯಾರು?

ಹಾಗೆಂದು ಸರ್ ದುಡಿಮೆ ವ್ಯರ್ಥವಾಗಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ನಮ್ಮ ಮೈದಾನದಲ್ಲಾದರೆ ಎಂಟು ಸುತ್ತು. ಕಾಲೇಜಿಗೆ ಹೋದ ಮೇಲೂ ಸರ್ ರಜೆಯಲ್ಲಿ ಬಂದು, ಗಡಿಯಾರ ಹಿಡಿದು ನಿಂತು ಹುಡುಗರನ್ನು ಓಡಿಸಿದರು. ಇಂದು ಖಾಕಿ ತೊಟ್ಟ ನಮ್ಮೂರ ಕೆಲವರು ಆ ಎಂಟು ಸುತ್ತು ಕಲಿತದ್ದು ಇಲ್ಲಿಯೇ. ಅವರಿಗೆ ಶೀಲ್ಡು ಸಿಗಲಿಲ್ಲ; ಮನೆ ನಡೆಯಿತು. ಅಪ್ಪನ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಹೇಳಲು ಹತ್ತು ವರ್ಷ ಬೇಕಾಯಿತು, ಅಷ್ಟೆ.

ಲೇಖನಕ್ಕಾಗಿ ಸರ್ ಮನೆಗೆ ಹೋದಾಗ ಟ್ರಂಕಿನಿಂದ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದರು. ಪ್ರತಿ ವಿದ್ಯಾರ್ಥಿಯ ಹೆಸರು, ತಾರೀಖು, ಸಮಯ. ನನ್ನ ಪುಟವೂ ಇತ್ತು. ಕೊನೆಯ ದಾಖಲೆಯ ಕೆಳಗೆ ಎರಡು ಗೆರೆ ಖಾಲಿ ಬಿಟ್ಟಿದ್ದರು. ಯಾಕೆಂದು ಕೇಳಿದೆ. “ಮತ್ತ ಬರ್ತೀ ಅಂದ್ಕೊಂಡಿದ್ದೆ,” ಎಂದರು. ನನಗೆ ಮಾತು ಹೊರಡಲಿಲ್ಲ.

ಆ ನೋಟ್‌ಬುಕ್ಕುಗಳನ್ನು ಶಾಲೆಗೆ ಕೊಡಲು ಸರ್ ಒಪ್ಪಿದ್ದಾರೆ. ಪ್ರತಿ ಪುಟವನ್ನೂ ಕಂಪ್ಯೂಟರಿಗೆ ಏರಿಸುವ ಜವಾಬ್ದಾರಿ ನನ್ನದು. ಹಳೆಯ ವಿದ್ಯಾರ್ಥಿಗಳು ತಮ್ಮ ನೆನಪಿನಲ್ಲಿರುವುದನ್ನು ಬರೆದು ಕಳಿಸಿದರೆ ಸೇರಿಸೋಣ. ಕಪಾಟಿನಲ್ಲಿ ಶೀಲ್ಡುಗಳ ಪಕ್ಕ ಅದಕ್ಕೂ ಒಂದು ಜಾಗ ಇರಲಿ.