ಬಸರಾದ ಸೆರೆಮನೆಯಲ್ಲೊಬ್ಬ ವ್ಯಾಪಾರಿ

ಪ್ರಾಮಾಣಿಕ ವ್ಯಾಪಾರದ ಕುರಿತು ನಮ್ಮ ಖುತ್ಬಾಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಸತ್ಯವಂತನ ವ್ಯಾಪಾರದಲ್ಲಿ ಬರಕತ್ ಇದೆ, ಗಿರಾಕಿಗಳು ಅವನನ್ನೇ ಹುಡುಕಿಕೊಂಡು ಬರುತ್ತಾರೆ, ಕೊನೆಗೆ ಲಾಭವೂ ಅವನದೇ ಎಂಬುದು ಆ ಮಾತು. ಇದು ಸುಳ್ಳಲ್ಲ. ಆದರೆ ಇದನ್ನಷ್ಟೇ ಹೇಳುತ್ತ ಹೋದರೆ ಪ್ರಾಮಾಣಿಕತೆಯೂ ಲಾಭ ಗಳಿಸುವ ಒಂದು ಉಪಾಯವೆಂಬ ಭಾವನೆ ನಮ್ಮ ಮಕ್ಕಳಲ್ಲಿ ಬೆಳೆಯುತ್ತದೆ. ಪ್ರಾಮಾಣಿಕತೆಗಾಗಿ ನಷ್ಟವನ್ನು ಆಯ್ದುಕೊಂಡವರೂ ನಮ್ಮ ಚರಿತ್ರೆಯಲ್ಲಿದ್ದಾರೆ. ಅವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮುಹಮ್ಮದ್ ಬಿನ್ ಸೀರೀನ್(ರ) ಅಂತಹವರಲ್ಲೊಬ್ಬರು. ಕನಸುಗಳ ವ್ಯಾಖ್ಯಾನಕಾರರೆಂದು ಅವರ ಹೆಸರು ನಮ್ಮ ಮನೆಗಳಲ್ಲಿ ಪರಿಚಿತವಾಗಿದೆ. ಅವರ ಹೆಸರಿನಲ್ಲಿ ಮಾರಾಟವಾಗುವ ಕನಸಿನ ಗ್ರಂಥಗಳು ಅವರ ಕೃತಿಗಳೇ ಎಂಬುದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ ಎಂಬುದು ಬೇರೆ ಮಾತು. ಅವರ ತಂದೆ ಸೀರೀನ್ ಯುದ್ಧದಲ್ಲಿ ಸೆರೆಯಾಗಿ ಪ್ರವಾದಿವರ್ಯರ(ಸ) ಸೇವಕರಾಗಿದ್ದ ಹಝ್ರತ್ ಅನಸ್ ಬಿನ್ ಮಾಲಿಕ್‌ರ(ರ) ಬಳಿ ಇದ್ದು, ಬಿಡುಗಡೆಯ ಬೆಲೆ ತೆತ್ತು ಸ್ವತಂತ್ರರಾದವರು. ಮಗ ಬಸರಾ ನಗರದಲ್ಲಿ ಹದೀಸ್ ವಿದ್ವಾಂಸರಾಗಿ, ಹಸನ್ ಬಸರಿಯವರ(ರ) ಸಮಕಾಲೀನರಾಗಿ ಬಾಳಿದರು. ಹೊಟ್ಟೆಪಾಡಿಗೆ ವ್ಯಾಪಾರ ಮಾಡುತ್ತಿದ್ದರು.

ಆ ವಿದ್ವಾಂಸರು ಸಾಲದ ಕಾರಣಕ್ಕೆ ಸೆರೆಮನೆ ಸೇರಿದರು. ಅದಕ್ಕೆ ಚರಿತ್ರೆಕಾರರು ನೀಡುವ ಕಾರಣಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಎಣ್ಣೆಯ ಪ್ರಸಂಗ. ಅವರು 40,000 ದಿರ್ಹಮ್ ಬೆಲೆಯ ಎಣ್ಣೆಯನ್ನು ಸಾಲದ ಮೇಲೆ ಕೊಂಡಿದ್ದರು. ತೊಗಲ ಚೀಲವೊಂದನ್ನು ಬಿಚ್ಚಿ ನೋಡಿದಾಗ ಅದರೊಳಗೆ ಸತ್ತ ಇಲಿ ಕಂಡಿತು. ಆ ಒಂದು ಚೀಲವನ್ನು ಚೆಲ್ಲಿ ಉಳಿದುದನ್ನು ಮಾರಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಯೋಚಿಸಿದ್ದೇ ಬೇರೆ. ಇಲಿ ಚೀಲಕ್ಕಲ್ಲ, ಗಾಣಕ್ಕೇ ಬಿದ್ದಿರಬಹುದು. ಹಾಗಿದ್ದರೆ ಅಲ್ಲಿಂದ ಹರಿದ ಎಣ್ಣೆಯೆಲ್ಲವೂ ಅಶುದ್ಧವೇ. ಇದು ಬರೀ ಶಂಕೆ, ಸಾಕ್ಷ್ಯವೇನೂ ಇಲ್ಲ. ಆ ಶಂಕೆಯೊಂದರ ಮೇಲೆಯೇ ಅವರು ಎಣ್ಣೆಯಷ್ಟನ್ನೂ ನೆಲಕ್ಕೆ ಸುರಿಸಿಬಿಟ್ಟರು. ಸಾಲ ಮಾತ್ರ ಹಾಗೆಯೇ ಉಳಿಯಿತು. ಸಾಲ ಕೊಟ್ಟವರು ದೂರು ನೀಡಿದರು, ಸೆರೆವಾಸವಾಯಿತು.

ಇದು ಅತಿರೇಕವಲ್ಲವೇ ಎಂದು ಓದುಗರು ಕೇಳಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತು. ಶಂಕೆ ಬಂದೊಡನೆ ಸರಕನ್ನೆಲ್ಲ ಚೆಲ್ಲಬೇಕೆಂದು ಶರೀಅತ್ ಪ್ರತಿಯೊಬ್ಬ ವ್ಯಾಪಾರಿಗೂ ವಿಧಿಸಿಲ್ಲ. ಅದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಆದರೆ ಆ ಕಟ್ಟುಪಾಡು ಎಲ್ಲಿಂದ ಬಂತೆಂದು ತಿಳಿಯಲು ಮದೀನಾದ ಪೇಟೆಗೆ ಹೋಗಬೇಕು. ಅಲ್ಲಿ ಧಾನ್ಯದ ರಾಶಿಯೊಂದರೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಅವನು ಮಳೆಯನ್ನು ತರಿಸಿದವನಲ್ಲ, ಯಾರಿಗೂ ಸುಳ್ಳು ಹೇಳಿದವನೂ ಅಲ್ಲ. ನೆನೆದುದನ್ನು ಕೆಳಗಿಟ್ಟು ಒಣಗಿದುದನ್ನು ಮೇಲೆ ಹರಡಿದ್ದ, ಅಷ್ಟೇ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು; ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನ ಈ ವರದಿಯನ್ನು ಕೇಳದವರು ವಿರಳ. ಆದರೆ ಅಲ್ಲಿ ಅಪರಾಧವೆನಿಸಿದ್ದು ಆಡಿದ ಮಾತಲ್ಲ, ಕಾಪಾಡಿಕೊಂಡ ಮೌನ ಎಂಬುದನ್ನು ನಾವು ಗಮನಿಸಿದ್ದೇವೆಯೇ?

ಸಹಾಬಿಗಳು ಗಮನಿಸಿದ್ದರು. ವಾಸಿಲಾ ಬಿನ್ ಅಸ್ಕಅ್‌ರ(ರ) ಎದುರಿನಲ್ಲೇ ಒಬ್ಬಾತ 300 ದಿರ್ಹಮ್‌ಗೆ ಒಂಟೆ ಮಾರಿದ. ಕೊಂಡವನು ಹೊರಟುಹೋದ ಮೇಲೆ ವಾಸಿಲಾ(ರ) ಎಚ್ಚೆತ್ತು ಅವನ ಹಿಂದೆಯೇ ಓಡಿದರು. ಮಾಂಸಕ್ಕೋ ಪ್ರಯಾಣಕ್ಕೋ ಎಂದು ಕೇಳಿದರು. ಪ್ರಯಾಣಕ್ಕೆ ಎಂದಾಗ, ಅದರ ಪಾದದಲ್ಲಿ ತೂತಿದೆ, ದೂರ ನಡೆಯಲಾರದು ಎಂದು ತಿಳಿಸಿದರು. ಅವನು ಒಂಟೆಯನ್ನು ಹಿಂದಕ್ಕೆ ತಂದ, ಮಾರಿದವನು 100 ದಿರ್ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಆತ ಬೇಸರಿಸಿದ. ದೋಷ ಬಲ್ಲವನು, ಅದು ತನ್ನ ಸರಕಾಗಿರದಿದ್ದರೂ, ಹೇಳದೆ ಇರುವಂತಿಲ್ಲವೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ ಎಂಬುದು ವಾಸಿಲಾರ(ರ) ಉತ್ತರವಾಗಿತ್ತು. ಜರೀರ್ ಬಿನ್ ಅಬ್ದುಲ್ಲಾ(ರ) ಕೂಡ ಸರಕು ಮಾರುವಾಗ ಮೊದಲು ಅದರ ಕುಂದುಗಳನ್ನು ತೋರಿಸುತ್ತಿದ್ದರು. ಹೀಗಾದರೆ ನಿಮ್ಮ ಯಾವ ವ್ಯಾಪಾರವೂ ಕುದುರದು ಎಂದು ಜನರು ಎಚ್ಚರಿಸಿದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟಿರುವುದನ್ನು ನೆನಪಿಸಿದರು, ಅಷ್ಟೇ. ಇಮಾಮ್ ಗಝ್ಝಾಲಿ(ರ) ತಮ್ಮ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಈ ಎರಡೂ ಪ್ರಸಂಗಗಳನ್ನು ಬರೆದಿದ್ದಾರೆ.

ಇಷ್ಟನ್ನು ಓದಿ ನಮ್ಮ ಪೇಟೆಗಳತ್ತ ತಿರುಗಿದರೆ ಮನಸ್ಸು ಭಾರವಾಗುತ್ತದೆ. ಹಳೆಯ ಕಾರು ಮಾರುವವನು ಅಪಘಾತದ ವಿಷಯವನ್ನು ಕೇಳಿದರೆ ಮಾತ್ರ ಹೇಳುತ್ತಾನೆ. ಹಣ್ಣಿನ ಪೆಟ್ಟಿಗೆಯ ಮೇಲಿನ ಸಾಲು ಒಂದು ಬಗೆ, ಕೆಳಗಿನದು ಇನ್ನೊಂದು ಬಗೆ. ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿಹೋದ ದಿನಗಳನ್ನು ನಾವು ಮರೆತಿಲ್ಲ. ಅಲ್ಲಿ ಹಲಾಲ್ ಎಂಬ ಪದವೇ ಒದ್ದೆ ಧಾನ್ಯದ ಮೇಲೆ ಹರಡಿದ ಒಣ ಪದರವಾಗಿತ್ತು.

ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಇಮಾಮ್ ಅಬೂಹನೀಫಾರ(ರ) ಪ್ರಸಂಗವನ್ನು ಬಹುತೇಕರು ಬಲ್ಲರು. ದೋಷವಿದ್ದ ಬಟ್ಟೆಯನ್ನು ಅದರ ದೋಷ ಹೇಳಿಯೇ ಮಾರಬೇಕೆಂದು ಪಾಲುದಾರರಿಗೆ ಅವರು ಸೂಚಿಸಿದ್ದರು. ಪಾಲುದಾರರು ಮರೆತರು, ಕೊಂಡವನಾರೆಂಬುದೂ ತಿಳಿಯಲಿಲ್ಲ. ಆ ಮಾರಾಟದಿಂದ ಬಂದ ಹಣವನ್ನೆಲ್ಲ ಇಮಾಮರು ದಾನ ಮಾಡಿದರು. ಮರೆವಿನ ಬೆಲೆಯನ್ನೂ ತೆತ್ತವರು ಅವರು. ಆದರೆ ಅವರ ವ್ಯಾಪಾರ ಉಳಿಯಿತು, ಇಬ್ನು ಸೀರೀನ್‌ರಿಗೆ(ರ) ಆ ಭಾಗ್ಯವೂ ಇರಲಿಲ್ಲ.

ಸೆರೆಮನೆಯಲ್ಲಿ ಕಾವಲುಗಾರನಿಗೆ ಅವರ ಮೇಲೆ ಗೌರವವಿತ್ತು. ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಮರಳಿ ಬನ್ನಿ, ನಾನು ಬಿಡುತ್ತೇನೆ ಎಂದ. ನಿನಗೆ ಒಪ್ಪಿಸಿರುವ ಅಮಾನತ್‌ಗೆ ದ್ರೋಹ ಬಗೆಯಲು ನಾನು ನೆರವಾಗಲಾರೆ ಎಂದು ಅವರು ನಿರಾಕರಿಸಿದರು.

ಹಿಜರಿ 93ರ ಸುಮಾರಿಗೆ ಅನಸ್ ಬಿನ್ ಮಾಲಿಕ್(ರ) ನಿಧನರಾದರು. ತಮ್ಮ ಮಯ್ಯಿತ್‌ಗೆ ಸ್ನಾನ ಮಾಡಿಸಿ ಜನಾಝ ನಮಾಝ್ ನೆರವೇರಿಸಬೇಕಾದವರು ಇಬ್ನು ಸೀರೀನ್(ರ) ಎಂಬುದು ಅವರ ವಸಿಯ್ಯತ್ ಆಗಿತ್ತು. ರಾಜ್ಯಪಾಲರ ಅನುಮತಿ ದೊರೆಯಿತು. ಆದರೆ ತನ್ನನ್ನು ಸೆರೆಯಲ್ಲಿಟ್ಟಿರುವುದು ಸಾಲ ಕೊಟ್ಟವನ ಹಕ್ಕು, ಆದ್ದರಿಂದ ಅವನೂ ಒಪ್ಪಬೇಕೆಂದು ಇಬ್ನು ಸೀರೀನ್(ರ) ಹೇಳಿದರು. ಅವನು ಒಪ್ಪಿದ ಮೇಲೆಯೇ ಹೊರಬಂದರು. ಸ್ನಾನ ಮಾಡಿಸಿ, ಕಫನ್ ತೊಡಿಸಿ, ನಮಾಝ್ ನೆರವೇರಿಸಿದರು. ಬಳಿಕ ತಮ್ಮ ಮನೆಯವರನ್ನು ಕಾಣಲೂ ಹೋಗದೆ ನೇರವಾಗಿ ಸೆರೆಮನೆಗೆ ಮರಳಿದರು.

ಹಿಜರಿ 110ರಲ್ಲಿ ಅವರು ಮರಣಹೊಂದಿದಾಗಲೂ ಅವರ ಮೇಲೆ ಸಾಲವಿತ್ತು. ಅದನ್ನು ಪುತ್ರ ಅಬ್ದುಲ್ಲಾ ವಹಿಸಿಕೊಂಡು ತೀರಿಸಿದರು.