ಹವೆಯೂ ಗೂಡಿನ ಮರಿಗಳೂ: ಆಕ್ಸ್‌ಫರ್ಡ್ ಗೋಪುರದ ಸಾಕ್ಷ್ಯ

ಹಕ್ಕಿಮರಿಗಳನ್ನು ಕೊಲ್ಲುವುದು ಚಳಿಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧಸತ್ಯವೆಂಬುದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದ ಗೋಪುರದಲ್ಲಿ ಸ್ಪಷ್ಟವಾಯಿತು. ಅಲ್ಲಿ ಗೂಡುಕಟ್ಟುವ ಸ್ವಿಫ್ಟ್ ಎಂಬ ಬಾನಾಡಿಗಳನ್ನು ಡೇವಿಡ್ ಲ್ಯಾಕ್ ಹಾಗೂ ಅವರ ಸಂಗಡಿಗರು 1948ರಿಂದ ಕ್ರಮವಾಗಿ ಪರಿಶೀಲಿಸತೊಡಗಿದರು.

ಗಾಳಿಯಲ್ಲಿ ತೇಲುವ ಕೀಟ, ಜೇಡಗಳೇ ಈ ಹಕ್ಕಿಯ ಆಹಾರ. ಚಳಿಮಳೆಯ ದಿನಗಳಲ್ಲಿ ಕೀಟಗಳು ಮೇಲೇಳವು. ಮರಿಗೆ ತುತ್ತು ದೊರೆಯದು. ಹವೆಯು ಇಲ್ಲಿ ಮುಖ್ಯವಾಗಿ ಹಸಿವಿನ ಮೂಲಕವೇ ಗೂಡನ್ನು ಹೊಗುತ್ತದೆ. ಬಿಸಿಲಿನ ವರ್ಷ ಸುಮಾರು 5 ವಾರಗಳಲ್ಲಿ ಹಾರಿಹೋಗುವ ಮರಿಯು ಕೆಟ್ಟ ವರ್ಷ 8 ವಾರಗಳವರೆಗೂ ಗೂಡಿನಲ್ಲಿಯೇ ಉಳಿಯಬಲ್ಲದು. ಬೆಳವಣಿಗೆಯನ್ನೇ ನಿಧಾನಗೊಳಿಸಿ ಅದು ಕಾಯುತ್ತದೆ. ಉಪವಾಸದಲ್ಲಿ ಅದರ ಮೈಶಾಖವೂ ಇಳಿಯುವುದೆಂಬುದನ್ನು ಫಿನ್‌ಲೆಂಡಿನ ಕೋಸ್ಕಿಮೀಸ್ ತೋರಿಸಿದ್ದರು. ಮುಟ್ಟಿದರೆ ತಣ್ಣಗಿರುವ ಇಂಥ ಮರಿಯನ್ನು ನಾವು ರೋಗಿಯೆನ್ನುವುದು ಸುಲಭ. ವಾಸ್ತವವಾಗಿ ಅದು ಶಕ್ತಿಯನ್ನು ಉಳಿಸುತ್ತಿರುತ್ತದೆ.

ಈ ಉಳಿತಾಯಕ್ಕೂ ಮಿತಿಯುಂಟು. ಮಳೆಯ ಬೇಸಿಗೆಗಳಲ್ಲಿ 3 ಮರಿಗಳ ಗೂಡುಗಳಲ್ಲಿ ಸಾವು ಹೆಚ್ಚು. ಬಿಸಿಲಿನ ಬೇಸಿಗೆಗಳಲ್ಲಿಯಾದರೋ ಅವೇ ಗೂಡುಗಳಿಂದ ಹೆಚ್ಚು ಮರಿಗಳು ಹಾರಿಹೋಗುತ್ತಿದ್ದುವು. ಒಂದೇ ಗೋಪುರದಲ್ಲಿ 2 ಮೊಟ್ಟೆಯಿಡುವ ಹಕ್ಕಿಗಳೂ 3 ಇಡುವವೂ ಉಳಿದುಬಂದುದಕ್ಕೆ ವರ್ಷದಿಂದ ವರ್ಷಕ್ಕೆ ಬದಲಾಗುವ ಈ ಹವೆಯೇ ಕಾರಣವೆಂಬ ವಿವರಣೆ ನಮಗೆ ಯುಕ್ತವಾಗಿ ಕಾಣುತ್ತದೆ.