ಏಟು ತಿಂದ ಗಂಡಸು ಯಾರ ಬಾಗಿಲು ತಟ್ಟಬೇಕು?

ಭೀಮೆ ಕೃಷ್ಣೆಯನ್ನು ಕೂಡುವ ಸೀಮೆಯಲ್ಲಿ ತೆಲಂಗಾಣದ ಮಕ್ತಲ್, ನಾರಾಯಣಪೇಟೆಗಳಿವೆ. ಹೊಳೆ ಹರಿದ ದಿಕ್ಕಿಗೆ ಇನ್ನಷ್ಟು ಸಾಗಿದರೆ ಗದ್ವಾಲ. 1956ರ ರಾಜ್ಯ ಮರುವಿಂಗಡಣೆಯವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಗಡಿ ಬಿದ್ದರೂ ಬೀಗತನ ನಿಂತಿಲ್ಲ. ಇಲ್ಲಿಯ ಕನ್ನಡದ ಮನೆಗಳು ಇಂದಿಗೂ ರಾಯಚೂರು, ಯಾದಗಿರಿ ಕಡೆಯಿಂದ ಹೆಣ್ಣು ತರುತ್ತವೆ, ಆ ಕಡೆಗೆ ಹೆಣ್ಣು ಕೊಡುತ್ತವೆ.

2025ರ ಜೂನ್‌ನಲ್ಲಿ ಗದ್ವಾಲದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮದುವೆಯಾಗಿ ತಿಂಗಳಾಗಿದ್ದ ಅಲ್ಲಿಯ ಖಾಸಗಿ ಭೂಮಾಪಕರೊಬ್ಬರು ಕೊಲೆಯಾಗಿದ್ದರು. ಪೊಲೀಸರು ಪತ್ನಿಯೂ ಸೇರಿ ಹಲವರನ್ನು ಬಂಧಿಸಿದರು. ತಪ್ಪು ಯಾರದೆಂದು ಹೇಳಬೇಕಾದದ್ದು ನ್ಯಾಯಾಲಯ. ನನ್ನನ್ನು ಕಾಡಿದ್ದು ಆ ವರ್ಷ ಇಂಥ ಸುದ್ದಿಗಳಿಗೆ ಸಿಕ್ಕ ಸ್ವಾಗತ. ಮೀರತ್‌ನಲ್ಲಿ ಮಾರ್ಚ್ ತಿಂಗಳಲ್ಲಿ ಒಬ್ಬ ಗಂಡನ ಶವ ನೀಲಿ ಡ್ರಮ್ಮಿನಲ್ಲಿ ಸಿಕ್ಕಾಗ, ಆ ಡ್ರಮ್ಮು ಮದುವೆ ಮನೆಗಳ ತಮಾಷೆಯ ವಸ್ತುವಾಯಿತು. ಸತ್ತ ಮೇಲೂ ಗಂಡಸಿನ ನೋವು ನಗೆಯ ಸರಕಾಗುವುದಾದರೆ, ಬದುಕಿದ್ದು ದಿನಾ ಏಟು, ಬೈಗುಳ, ಬೆದರಿಕೆ ಉಣ್ಣುವವನ ಮಾತನ್ನು ಯಾರು ಕೇಳುತ್ತಾರೆ?

ಕೇಳುವ ಪ್ರಯತ್ನಕ್ಕೆ ಐವತ್ತು ವರ್ಷಗಳ ಚರಿತ್ರೆಯಿದೆ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞರಾದ ಮರ್ರೆ ಸ್ಟ್ರಾಸ್, ರಿಚರ್ಡ್ ಗೆಲ್ಲಿಸ್ 1975ರಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ ರಾಷ್ಟ್ರಮಟ್ಟದ ಸಮೀಕ್ಷೆ ನಡೆಸಿದರು. ಸಂಗಾತಿಯ ಮೇಲೆ ಕೈ ಮಾಡಿದ ಗಂಡಂದಿರ ಪ್ರಮಾಣಕ್ಕೂ ಹೆಂಡಂದಿರ ಪ್ರಮಾಣಕ್ಕೂ ಹೆಚ್ಚು ಅಂತರ ಕಾಣಲಿಲ್ಲ. ಅವರ ಸಹಲೇಖಕಿ ಸುಝಾನ್ ಸ್ಟೈನ್‌ಮೆಟ್ಜ್ ಏಟು ತಿಂದ ಗಂಡಂದಿರ ಬಗ್ಗೆಯೇ ಬರೆದು ಬೆದರಿಕೆಗಳನ್ನು ಎದುರಿಸಿದರು. ಏಟು ಎಣಿಸಿದಿರಿ, ಗಾಯ ಎಣಿಸಲಿಲ್ಲ, ಭಯ ಎಣಿಸಲಿಲ್ಲ ಎಂಬ ಆಕ್ಷೇಪ ಬಂತು. ಅದರಲ್ಲಿ ಹುರುಳಿತ್ತು. 2000ದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಆರ್ಚರ್ ಹತ್ತಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಕೈ ಎತ್ತುವುದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ ಎನಿಸಿದರೂ ಗಾಯಗೊಂಡವರಲ್ಲಿ ನೂರಕ್ಕೆ 62 ಮಂದಿ ಹೆಂಗಸರಿದ್ದರು. ಉಳಿದ 38 ಮಂದಿ ಗಂಡಸರು ಎಂಬುದನ್ನೂ ಓದಬೇಕು.

ಈ ಜಗಳದಲ್ಲಿ ನನಗೆ ಹೆಚ್ಚು ಒಪ್ಪುವುದು ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್ 1995ರಲ್ಲಿ ಎಳೆದ ಗೆರೆ. ಸಿಟ್ಟಿನ ಭರದಲ್ಲಿ ಇಬ್ಬರೂ ಕೈ ಮಾಡುವ ಜಗಳ ಒಂದು ಬಗೆ. ಒಬ್ಬರು ಇನ್ನೊಬ್ಬರ ದುಡ್ಡು, ಓಡಾಟ, ನಂಟರನ್ನೆಲ್ಲ ಹಿಡಿತದಲ್ಲಿಟ್ಟುಕೊಳ್ಳಲು ಹೆದರಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಹಿಂಸಿಸುವವರು ಬಹುಪಾಲು ಗಂಡಸರೇ ಎಂದ ಜಾನ್ಸನ್ ಮಾತು ಸರಿ. ಆದರೆ ಬಹುಪಾಲು ಎಂದರೆ ಎಲ್ಲರೂ ಎಂದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು 2015ರಲ್ಲಿ ಈ ಎರಡನೆಯ ಬಗೆಯನ್ನು ಅಪರಾಧವೆಂದು ಸಾರಿದಾಗ ಗಂಡು, ಹೆಣ್ಣು ಎಂದು ಭೇದ ಮಾಡಲಿಲ್ಲ. 2023ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 14 ಲಕ್ಷ ಹೆಂಗಸರೂ ಏಳೂವರೆ ಲಕ್ಷ ಗಂಡಸರೂ ಮನೆಯ ಹಿಂಸೆ ಕಂಡರೆಂದು ಅಲ್ಲಿಯ ಸಮೀಕ್ಷೆ ಅಂದಾಜಿಸಿತು. ಕೇಳಿದ್ದರಿಂದ ಗೊತ್ತಾಯಿತು.

ನಮ್ಮಲ್ಲಿ ಗಂಡನ ನೋವು ಮೊದಲು ಕಾನೂನಿನ ಕಣ್ಣಿಗೆ ಬಿದ್ದದ್ದು ವಿಚ್ಛೇದನ, ಬೇರೆ ವಾಸದ ಮೊಕದ್ದಮೆಗಳಲ್ಲಿ. 1975ರ ದಾಸ್ತಾನೆ ಪ್ರಕರಣದಲ್ಲಿ, ಹೆಂಡತಿಯ ಬೈಗುಳ, ಸಾಯುವ ಬೆದರಿಕೆ, ಮನೆಗೆ ಬೆಂಕಿ ಇಡುವ ಬೆದರಿಕೆ ಕ್ರೌರ್ಯವೇ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಗಂಡ ಸೋತ. ಆಮೇಲೂ ಆಕೆಯೊಡನೆ ಸಂಸಾರ ಮಾಡಿದ್ದಾನೆ, ಆದ್ದರಿಂದ ಕ್ಷಮಿಸಿದ್ದಾನೆ ಎಂದಿತು ನ್ಯಾಯಾಲಯ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯವನ್ನು ವಿಚ್ಛೇದನಕ್ಕೂ ಕಾರಣವಾಗಿಸಿತು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಿಂದ ಹೊರಟ ಒಂದು ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಆತ್ಮಹತ್ಯೆಯ ಬೆದರಿಕೆಯನ್ನು ಮತ್ತೆ ಮತ್ತೆ ಒಡ್ಡುವುದೂ ಗಂಡನ ಮೇಲಿನ ಕ್ರೌರ್ಯವೆಂದು ಒಪ್ಪಿ ಬಿಡುಗಡೆ ಕೊಟ್ಟಿತು. ಇವೆಲ್ಲ ಮದುವೆ ಮುರಿಯುವ ದಾರಿಗಳು. ಮದುವೆ ಉಳಿಸಿಕೊಂಡು ಏಟು ನಿಲ್ಲಿಸುವ ದಾರಿ ಅವನಿಗೆ ಸಿಗಲಿಲ್ಲ.

ಹೆಂಗಸರಿಗಾಗಿ ಆ ದಾರಿ ಕಷ್ಟದಿಂದ ಬಂತು, ಬರಲೇಬೇಕಿತ್ತು. ವರದಕ್ಷಿಣೆಗಾಗಿ ಸೊಸೆಯಂದಿರನ್ನು ಸುಡುತ್ತಿದ್ದ ಕಾಲದಲ್ಲಿ, 1983ರಲ್ಲಿ, ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಂ ಬಂತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಯಾಗಿ ಮನೆಯಲ್ಲಿ ಉಳಿಯುವ ಹಕ್ಕು, ರಕ್ಷಣೆಯ ಆದೇಶ ಎಲ್ಲವನ್ನೂ ಕೊಟ್ಟಿತು. ಅದರಲ್ಲಿ ನೊಂದ ವ್ಯಕ್ತಿ ಎಂದರೆ ಮಹಿಳೆ ಮಾತ್ರ. 2017ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಒಂದು ಏಕಸದಸ್ಯ ಪೀಠ, ಗಂಡಸೂ ಈ ಕಾಯ್ದೆಯಡಿ ದೂರು ಕೊಡಬಹುದೆಂದು ಆದೇಶಿಸಿ, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಿತು.

ಇದರ ನಡುವೆ ಚರ್ಚೆಯ ದಿಕ್ಕೇ ತಿರುಗಿತು. ನಮ್ಮ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ 498ಎ ಕಲಮನ್ನು ಜಾಮೀನಿಗೂ ರಾಜಿಗೂ ಅವಕಾಶವಿರುವ ಅಪರಾಧವಾಗಿಸಿ ಎಂದು ಶಿಫಾರಸು ಮಾಡಿತು. 2005ರ ಹೊತ್ತಿಗೆ ಚಿಗುರಿ ಬೆಂಗಳೂರಿನಲ್ಲಿ ಬೇರು ಬಿಟ್ಟ ಸೇವ್ ಇಂಡಿಯನ್ ಫ್ಯಾಮಿಲಿ ಚಳವಳಿ ಗಂಡಂದಿರ ಅಳಲಿಗೆ ಸಹಾಯವಾಣಿ ತೆರೆಯಿತು. 2014ರ ಅರ್ನೇಶ್ ಕುಮಾರ್ ತೀರ್ಪು ಯಾಂತ್ರಿಕ ಬಂಧನಕ್ಕೆ ತಡೆ ಹಾಕಿತು. 2024ರ ಡಿಸೆಂಬರ್ 9ರಂದು ಬೆಂಗಳೂರಿನಲ್ಲಿ ಒಬ್ಬ ಎಂಜಿನಿಯರ್ ಹೆಂಡತಿಯ ಕಡೆಯ ಮೊಕದ್ದಮೆಗಳನ್ನು ದೂರಿ ಜೀವ ಕಳೆದುಕೊಂಡರು. ಮರುದಿನವೇ ತೆಲಂಗಾಣದ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಕಾನೂನನ್ನು ಸೇಡಿಗೆ ಬಳಸುವ ಪ್ರವೃತ್ತಿಯನ್ನು ಟೀಕಿಸಿತು. ನಿಜವಾಗಿ ನೊಂದ ಹೆಣ್ಣುಮಕ್ಕಳು ಸುಮ್ಮನಿರಬೇಕೆಂದು ಇದರರ್ಥವಲ್ಲ ಎಂದೂ ಸ್ಪಷ್ಟಪಡಿಸಿತು.

ಇವು ಬೇಕಾದ ತೀರ್ಪುಗಳೇ. ಆದರೆ ಇಪ್ಪತ್ತು ವರ್ಷ ನಾವು ಸುಳ್ಳು ದೂರಿನ ಬಗ್ಗೆ ಮಾತಾಡಿದಷ್ಟು ನಿಜವಾದ ಏಟಿನ ಬಗ್ಗೆ ಮಾತಾಡಲಿಲ್ಲ. ಗಂಡಸು ನಮಗೆ ಆರೋಪಿಯಾಗಿ ಕಂಡ, ಸುಳ್ಳು ಆರೋಪಕ್ಕೆ ಸಿಕ್ಕವನಾಗಿ ಕಂಡ, ಗಾಯಾಳುವಾಗಿ ಕಾಣಲಿಲ್ಲ. ಪುರುಷರ ಸಂಘಟನೆಗಳೂ ಹೆಂಗಸರ ಕಾನೂನಿನ ಮೇಲೆ ಹರಿಹಾಯಲು ವ್ಯಯಿಸಿದ ಶಕ್ತಿಯನ್ನು ಆ ಗಾಯಾಳುವಿಗೆ ಆಸರೆ ಕಟ್ಟಲು ವ್ಯಯಿಸಲಿಲ್ಲ ಎಂಬುದು ನನ್ನ ತಕರಾರು.

ಲೆಕ್ಕವೂ ಬಡವಾಗಿಯೇ ಇದೆ. ಹರಿಯಾಣದ ಹಳ್ಳಿಗಳಲ್ಲಿ 1,000 ವಿವಾಹಿತ ಗಂಡಸರನ್ನು ಮಾತಾಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮಾನಸಿಕ ಹಿಂಸೆ ಹೇಳಿಕೊಂಡರು. ನೂರಕ್ಕೆ ಆರು ಮಂದಿ ದೈಹಿಕ ಹಿಂಸೆ ಹೇಳಿಕೊಂಡರು. ಗಂಡನ ನಿರುದ್ಯೋಗವೇ ಮುಖ್ಯ ಕಾರಣವಾಗಿ ಕಂಡಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 36.9, ಕರ್ನಾಟಕದಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಕಂಡಿದ್ದಾರೆ. ಈ ಅಂಕಿ ಮುಂದಿಟ್ಟುಕೊಂಡೇ ಗಂಡಸಿನ ಮಾತು ಆಡಬೇಕು, ಮರೆಮಾಚಿ ಅಲ್ಲ.

ಗದ್ವಾಲ, ನಾರಾಯಣಪೇಟೆಗಳಿರುವ ಪಾಲಮೂರು ಸೀಮೆ ದುಡಿಯಲು ವಲಸೆ ಹೋಗುವ ನಾಡು. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿ ಮೈ ಮುರಿದುಕೊಂಡು ಬಂದವನು, ಮಗ್ಗ ನಿಂತು ಕೂತ ನೇಕಾರ, ಅತ್ತೆಮನೆಯಲ್ಲಿ ಬಾಳುವ ಮನೆಅಳಿಯ, ಆಸ್ತಿ ಬರೆದುಕೊಟ್ಟು ಮಗನ ಕೈಗೆ ಸಿಕ್ಕ ಮುದುಕ: ದುಡಿಮೆ ಇಲ್ಲವೇ ಸ್ವಂತ ಸೂರು ಕೈಬಿಟ್ಟ ಇಂಥವರೇ ಸುಲಭವಾಗಿ ಏಟಿಗೆ ಸಿಗುವವರು. “ಹೆಣ್ತಿ ಕೈಲೆ ಹೊಡಸ್ಕೊಂಡಾನ” ಎಂದು ಊರು ಆಡಿಕೊಂಡರೆ ಸಾಕು, ಆಮೇಲೆ ಅವನು ಪಂಚಾಯಿತಿ ಕಟ್ಟೆಯ ಮುಂದೆ ಬಾಯಿ ಬಿಡುವುದಿಲ್ಲ. ಜಿಲ್ಲೆಯಲ್ಲಿ ಸಖಿ ಕೇಂದ್ರವಿದೆ, 181 ಸಹಾಯವಾಣಿ ಇದೆ, ಪೊಲೀಸರ ಶೀ ಟೀಮ್ ಇದೆ. ಎಲ್ಲವೂ ಹೆಂಗಸರಿಗಾಗಿ, ಹಾಗೇ ಇರಲಿ. ಗಡಿಯ ಬೀಗತನದಲ್ಲಿ ಇನ್ನೊಂದು ತೊಡಕಿದೆ. 2019ರ ರೂಪಾಲಿ ದೇವಿ ತೀರ್ಪಿನಂತೆ ಹೆಂಡತಿ ತಾನು ಆಸರೆ ಪಡೆದ ತವರಿನಲ್ಲೇ ಕ್ರೌರ್ಯದ ಮೊಕದ್ದಮೆ ನಡೆಸಬಹುದು. ರಾಯಚೂರಿಗೆ ಓಡಿಬಂದ ಗಂಡಸಿಗೆ ಅಂಥ ಅನುಕೂಲವಿಲ್ಲ.

ಇರುವ ದಾರಿಗಳನ್ನಾದರೂ ಜನ ತಿಳಿದಿರಬೇಕು. ಹೊಡೆತಕ್ಕೆ ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ ಇದೆ, ಅದಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೋರಿಸಿ, ಹೇಗಾಯಿತೆಂದು ನಿಜ ಹೇಳಿ ಬರೆಸಿಕೊಳ್ಳಬೇಕು. ವೃದ್ಧರಿಗೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಪರಿಶಿಷ್ಟರಿಗೂ ಬಡವರಿಗೂ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಮನಸ್ಸು ಕುಸಿದವರು 14416 ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿ, ತೆಲುಗಿನಲ್ಲಿ ಮಾತಾಡಬಹುದು. ಠಾಣೆಯವರು ಇಂಥ ದೂರಿಗೆ ನಗದೆ ಕಾಗದ ತೆಗೆದುಕೊಂಡರೆ ಅರ್ಧ ಕೆಲಸ ಆದಂತೆ.

ಕುಟುಂಬ ಆರೋಗ್ಯ ಸಮೀಕ್ಷೆಯವರು ಗಂಡಸರ ಬಳಿಗೂ ಹೋಗುತ್ತಾರೆ. ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಅವರನ್ನು ಕೇಳುತ್ತಾರೆ. ನಿನ್ನನ್ನು ಯಾರಾದರೂ ಮನೆಯಲ್ಲಿ ಹೊಡೆದಿದ್ದಾರೆಯೇ ಎಂದು ಕೇಳುವುದಿಲ್ಲ. ಮುಂದಿನ ಸುತ್ತಿನ ಪ್ರಶ್ನಾವಳಿಯಲ್ಲಿ ಆ ಒಂದು ಪ್ರಶ್ನೆ ಸೇರಲಿ.